ಪಟ್ಟಿಯಲ್ಲಿಲ್ಲದ ಮನೆ

ಕಪ್ಪು ರೈ ಬ್ರೆಡ್ಡುಗಳಲ್ಲಿ ಹನ್ನೊಂದನೆಯದನ್ನು ತೋರಾ ಕೊಯ್ಯುವ ಯಂತ್ರದ ಬಾಯಿಗೆ ಇಟ್ಟು ಹಿಡಿಕೆ ಒತ್ತುತ್ತಿದ್ದಾಗ ಏಪ್ರನ್ನಿನ ಜೇಬಿನಲ್ಲಿದ್ದ ಫೋನು ನಾಲ್ಕನೆಯ ಸಲ ಗುಂಯ್‌ಗುಟ್ಟಿತು. ಅವಳು ನೋಡಲಿಲ್ಲ. ಇನ್ನೂ ಏಳು ಬ್ರೆಡ್ಡು ಉಳಿದಿದ್ದವು. ಅಂಗಡಿಯ ಬಾಗಿಲು ತೆರೆಯುವ ಮೊದಲು ಅವನ್ನೆಲ್ಲ ಕೊಯ್ದು, ಕಾಗದದ ಚೀಲಕ್ಕೆ ತುಂಬಿ, ಎಡಗಡೆಯ ಹಲಗೆಯ ಮೇಲೆ ಸಾಲಾಗಿ ಇಡಬೇಕು. ಎಡಗಡೆಯೇ ಆಗಬೇಕು. ಬಲಗಡೆ ಇಟ್ಟರೆ ಬೆಳಗಿನ ಮುದುಕರು, "ಇದು ನಿನ್ನೆಯದಾ?" ಎಂದು ಮೂಗು ಮುರಿಯುತ್ತಾರೆ.

"ನೋಡ್ಬಾರ್ದೇನೇ ಅದನ್ನ?" ಒಲೆಯ ಕಡೆಯಿಂದ ಬೇಕರಿಯ ಒಡತಿ ಇಂಗರ್ಲೀಸ ಕೂಗಿದಳು. "ಆಗಿಂದ ಬಡ್ಕೊಳ್ತಿದೆ. ಯಾರಾದ್ರೂ ಸತ್ತಿರ್ಬೋದು."

"ಸತ್ತಿದ್ರೆ, ಇದನ್ನ ಕೊಯ್ದಾದ್ಮೇಲೂ ಸತ್ತೇ ಇರ್ತಾರೆ ಬಿಡಿ."

"ಅಯ್ಯೋ ನಿನ್ನ ನಾಲಿಗೆಯೇ! ಸೋಮವಾರದಿಂದ ನೀನು ಲಾಂಚಲ್ಲಿ ಟಿಕೆಟ್ ಹರಿಯೋಕೆ ನಿಂತ್ರೆ ಜನರ ಗತಿ ಏನು? ನಿಮ್ಮಮ್ಮನಾದ್ರೂ ನಗ್ತಾ ಬೈತಾಳೆ. ನೀನು ಬೈತಾ ಬೈತಾ ಬೈತೀಯ."

ತೋರಾ ನಕ್ಕಳು. ಅವಳ ತಾಯಿ ಬೋಡಿಲ್ ಹದಿನೆಂಟು ವರ್ಷದಿಂದ ಜನರನ್ನೂ ಕಾರುಗಳನ್ನೂ ಹೊತ್ತು ಊರಿಗೂ ದ್ವೀಪಕ್ಕೂ ನಡುವೆ ಓಡಾಡುವ ಲಾಂಚಿನಲ್ಲಿ ಟಿಕೆಟ್ ಕೊಡುವವಳು. ನಾಲ್ಕು ನಿಮಿಷದ ದಾರಿ, ದಿನಕ್ಕೆ ನಲವತ್ತು ಸಲ. ಈ ಬೇಸಿಗೆಯಲ್ಲಿ ಅವಳಿಗೆ ಆರು ವಾರ ರಜೆ. ಬದಲಿಗೆ ನಿಲ್ಲುವವಳು ತೋರಾ. ಸಂಜೆ ಊಟಕ್ಕೆ ಕೂತರೆ ಬೋಡಿಲಳ ಮಾತೆಲ್ಲ ಪ್ರಯಾಣಿಕರದ್ದೇ. ಮೇಕೆ ಮರಿಯನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಕಟ್ಟುವ ಹೆಂಗಸು, ಪ್ರತಿ ಮಂಗಳವಾರ ಸಮುದ್ರಕ್ಕೆ ಬೈಯುವ ಮುದುಕ, ಹೋಗಿಬರುವ ಟಿಕೆಟ್ ತೆಗೆದುಕೊಂಡು, ದ್ವೀಪ ಬಂದರೂ ಇಳಿಯದೆ, ಅದೇ ಲಾಂಚಿನಲ್ಲಿ ಹಿಂದಿರುಗಿಬಿಡುವ ಯಾವನೋ ಹುಡುಗ. "ಗಾಳಿ ಕುಡಿಯೋಕೆ ಬರ್ತಾನೋ ಏನೋ ಪಾಪ" ಎಂದು ಬೋಡಿಲ್ ಅನ್ನುತ್ತಿದ್ದಳು.

ಹದಿನೆಂಟನೆಯ ಬ್ರೆಡ್ಡು ಮುಗಿದ ಮೇಲೆ ತೋರಾ ಕೈ ಒರೆಸಿಕೊಂಡು ಫೋನು ತೆಗೆದಳು. ತರಗತಿಯ ಗುಂಪಿಗೆ, ಶನಿವಾರ ಲಾರಿ ಯಾರ ಮನೆಗೆ ಎಷ್ಟು ಹೊತ್ತಿಗೆ ಎಂಬ ಪಟ್ಟಿ ಬಂದಿತ್ತು.

ಅವಳು ಮೊದಲು ತನ್ನ ಹೆಸರು ಹುಡುಕಲಿಲ್ಲ, ಹೊತ್ತು ಹುಡುಕಿದಳು. ಸಂಜೆ ಐದರ ಸುಮಾರಿಗೆ ಬಂದರೆ ಒಳ್ಳೆಯದು, ಆಗ ಅಂಗಳಕ್ಕೆ ಬಿಸಿಲು ಇರುತ್ತದೆ ಎಂದು ಅಮ್ಮ ಹೇಳಿದ್ದಳು. ಐದಕ್ಕೆ ಇನ್ನೊಬ್ಬರ ಮನೆ ಇತ್ತು. ಆರಕ್ಕೆ ಮತ್ತೊಬ್ಬರದು. ಅವಳು ಮೇಲಿನಿಂದ ಕೆಳಗೆ ಓದಿದಳು, ಕೆಳಗಿನಿಂದ ಮೇಲಕ್ಕೆ ಓದಿದಳು. ಆಮೇಲೆ ಎಣಿಸಿದಳು. ತರಗತಿಯಲ್ಲಿ ಇಪ್ಪತ್ತೆರಡು ಜನ. ಪಟ್ಟಿಯಲ್ಲಿ ಇಪ್ಪತ್ತೊಂದು ಮನೆ.

ಕೊನೆಯ ಪರೀಕ್ಷೆ ಮುಗಿದ ಮಕ್ಕಳು ಬಿಳಿ ಟೋಪಿ ಹಾಕಿಕೊಂಡು, ಬರ್ಚ್ ಸೊಪ್ಪು ಕಟ್ಟಿದ ಲಾರಿ ಏರಿ, ಕೂಗುತ್ತ ಕುಣಿಯುತ್ತ ಊರು ಸುತ್ತುವುದು ಬರಿಯ ಮೋಜಲ್ಲ. ಲಾರಿ ಪ್ರತಿಯೊಬ್ಬರ ಮನೆಯ ಮುಂದೆಯೂ ನಿಲ್ಲಬೇಕು. ಅಪ್ಪ ಅಮ್ಮ ಅಂಗಳದಲ್ಲಿ ತಿಂಡಿ, ಕುಡಿಯುವುದು ಇಟ್ಟುಕೊಂಡು ಕಾಯುತ್ತಿರುತ್ತಾರೆ. ನಮ್ಮ ಮಗು ಮುಗಿಸಿತು, ಬನ್ನಿ, ನೋಡಿ ಎನ್ನುವ ದಿನ ಅದು. ಆ ದಿನ ಮನೆ ದೊಡ್ಡದೋ ಚಿಕ್ಕದೋ ಯಾರೂ ಕೇಳುವುದಿಲ್ಲ. ಸಹಪಾಠಿ ಮಲ್ತೆಯ ಅಪ್ಪ ಇರುವುದು ಕಾರಿಗೆ ಕಟ್ಟಿ ಎಳೆಯುವ ಚಕ್ರದ ಮೇಲಿನ ಗೂಡಿನಲ್ಲಿ, ಅದೂ ಪಟ್ಟಿಯಲ್ಲಿತ್ತು. ಅಪ್ಪ ಅಮ್ಮ ಗ್ರೀನ್‌ಲ್ಯಾಂಡಿನಲ್ಲಿರುವ ಹುಡುಗನಿಗೆ ಅವನ ಚಿಕ್ಕಮ್ಮನ ಮನೆ ಬರೆದಿದ್ದರು. ದ್ವೀಪದ ಮೇಲಿನ ಕೆಂಪು ಹಂಚಿನ ಮನೆ ಮಾತ್ರ ಇರಲಿಲ್ಲ.

ಬೋಡಿಲ್ ಬಾವುಟದ ಕಂಬ ಕೆರೆದು ಬಿಳಿ ಬಣ್ಣ ಬಳಿಯಲು ಶುರುಮಾಡಿ ಒಂದು ವಾರವಾಗಿತ್ತು. ಲಾಂಚು ಹತ್ತಿದವರಿಗೆಲ್ಲ, ಮೇಕೆ ಹೆಂಗಸಿಗೂ ಸಮುದ್ರಕ್ಕೆ ಬೈಯುವ ಮುದುಕನಿಗೂ, ಶನಿವಾರ ನಮ್ಮನೆಗೆ ಲಾರಿ ಮಕ್ಕಳು ಬರ್ತಾರೆ ಎಂದು ಹೇಳಿದ್ದಳು. ಅಷ್ಟು ದೊಡ್ಡ ಲಾರಿ ಲಾಂಚಿಗೆ ಹಿಡಿಸುತ್ತಾ ಎಂದು ಯಾರಾದರೂ ಕೇಳಿದರೆ, "ಲಾರಿ ಆ ದಡದಲ್ಲೇ ನಿಲ್ಲಲಿ. ಮಕ್ಕಳಿಗೆ ಕಾಲಿಲ್ವಾ?" ಎನ್ನುತ್ತಿದ್ದಳು.

ಪಟ್ಟಿಯ ಅಡಿಯಲ್ಲಿ, ಮಾಡಿದವನ ಹೆಸರಿತ್ತು. ಆಸ್ಗರ್.

"ಯಾರು ಸತ್ರೇ?" ಎಂದಳು ಇಂಗರ್ಲೀಸ.

"ಇನ್ನೂ ಇಲ್ಲ" ಎಂದಳು ತೋರಾ. "ಮಧ್ಯಾಹ್ನದ ಹೊತ್ತಿಗೆ ಸಾಯ್ತಾನೆ."

ಆಸ್ಗರ್ ಹಲ್ಲು ಡಾಕ್ಟರ ಮಗ. ಮೂರು ವರ್ಷದಿಂದ ತೋರಾಳ ಪಾಲಿಗೆ ಚಪ್ಪಲಿಯೊಳಗಿನ ಕಲ್ಲು. ಉತ್ತರಪತ್ರಿಕೆ ಕೈಗೆ ಬಂದ ಕೂಡಲೇ ಅವಳು ತನ್ನ ಅಂಕ ನೋಡುವ ಮೊದಲು ಅವನ ಮುಖ ನೋಡುತ್ತಿದ್ದಳು, ಅವನು ಇವಳ ಮುಖ. ಅವಳಿಗೆ ಹೆಚ್ಚು ಬಂದ ದಿನ ಅವನು ಎದ್ದು ನಿಂತು, "ದ್ವೀಪದ ರಾಣಿಗೆ ಜಯವಾಗಲಿ" ಎನ್ನುತ್ತಿದ್ದ. ಅವನಿಗೆ ಹೆಚ್ಚು ಬಂದ ದಿನ ಅವಳು, "ಹಲ್ಲು ಕಿರಿಯೋದು ನಿಮ್ಮನೆ ಕಸುಬು, ಕಿರಿ ಕಿರಿ" ಎನ್ನುತ್ತಿದ್ದಳು. ಗಣಿತದ ಮೇಷ್ಟ್ರು ಪ್ರೆಬೆನ್‌ಗೆ ಇದು ಮೋಜು. ಆದರೆ ಒಂದೇ ಉತ್ತರಕ್ಕೆ ಅವನಿಗೆ "ಹುಟ್ಟು ಬುದ್ಧಿ" ಎಂದೂ ಅವಳಿಗೆ "ಒಳ್ಳೇ ಶ್ರಮ" ಎಂದೂ ಬರೆಯುತ್ತಿದ್ದರು. ಬೆಳಗಿನ ಐದಕ್ಕೆ ಎದ್ದು ಬ್ರೆಡ್ಡು ಕೊಯ್ದು ಬಂದವಳಿಗೆ ಬುದ್ಧಿ ಹುಟ್ಟಿನಿಂದ ಬಂದಿರಲು ಸಾಧ್ಯವಿಲ್ಲ ಎಂಬಂತೆ.

ಅಂದು ಕೊನೆಯ ಮೌಖಿಕ ಪರೀಕ್ಷೆ, ಅದೂ ಗಣಿತದ್ದೇ. ಆಸ್ಗರನ ಸರದಿ ಮುಗಿದ ಕೂಡಲೇ ಅವಳದು. ಹಸಿರು ಬಟ್ಟೆ ಹಾಸಿದ ಮೇಜಿನ ಮೇಲಿಂದ ಅವಳು ಚೀಟಿ ಎತ್ತಿದಳು. ಏರುತ್ತ ಏರುತ್ತ ಹೋಗಿ ಒಂದು ಮಿತಿಗೆ ಬಂದು ನಿಲ್ಲುವ ಬೆಳವಣಿಗೆಯ ಸಮೀಕರಣ. ತನ್ನ ಸಿಟ್ಟಿಗೆ ಅಂಥ ಮಿತಿ ಯಾವುದೂ ಇದ್ದಂತಿಲ್ಲ ಎಂದುಕೊಳ್ಳುತ್ತಲೇ ಬೋರ್ಡಿನ ಮೇಲೆ ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಬರೆದಳು. ಹನ್ನೆರಡು ಬಂತು. ಅದರ ಮೇಲೆ ಅಂಕವಿಲ್ಲ. ಅವನಿಗೂ ಹನ್ನೆರಡು.

ಹೊರಗಿನ ಓಣಿಯಲ್ಲಿ ಆಸ್ಗರನ ಅಪ್ಪ ಅಮ್ಮ, ಅಜ್ಜ ಅಜ್ಜಿ ಕಾಗದದ ಬಾವುಟ ಹಿಡಿದು ನಿಂತಿದ್ದರು. ಅವನ ತಲೆಯ ಮೇಲೆ ಆಗಲೇ ಬಿಳಿ ಟೋಪಿ ಕೂತಿತ್ತು. ಅಷ್ಟರಲ್ಲಿ ಓಣಿಯ ಆ ತುದಿಯಿಂದ ಬೋಡಿಲ್ ಓಡಿಬಂದಳು. ಎರಡು ಸರದಿಗಳ ನಡುವಿನ ಬಿಡುವಿನಲ್ಲಿ ಬಂದವಳು. ಕಿತ್ತಳೆ ಬಣ್ಣದ ಕೆಲಸದ ಅಂಗಿ ಮೈಮೇಲೇ ಇತ್ತು. ಹಿಂದೊಮ್ಮೆ ಲಾಂಚಿನ ಸರಪಳಿಗೆ ಸಿಕ್ಕಿದ ಎಡಗಾಲು ಎಂದಿನಂತೆ ನೆಲ ಸವರುತ್ತಿತ್ತು.

"ಎಷ್ಟೇ?"

"ಹನ್ನೆರಡು."

"ಅಷ್ಟೇನಾ? ಹದಿಮೂರು ಕೊಡಲ್ವಾ ಇವ್ರು?" ಎಂದು ನಗುತ್ತ ಪ್ಲಾಸ್ಟಿಕ್ ಚೀಲದಿಂದ ಟೋಪಿ ತೆಗೆದು ಮಗಳ ತಲೆಗೆ ಹಾಕಿದಳು. ಸ್ವಲ್ಪ ಸೊಟ್ಟಗೆ ಕೂತಿತು. ಎರಡೂ ಕೈಯಿಂದ ಕೆನ್ನೆ ಹಿಡಿದಳು. ಡೀಸೆಲ್ಲಿನ ವಾಸನೆ ಬಂತು. "ಒಂದೂ ಹತ್ತರ ಲಾಂಚಿದೆ, ಬರ್ತೀನಿ." ಹೋಗುತ್ತ ಹೋಗುತ್ತ ತಿರುಗಿ, ಲಾಂಚಿನ ಮೇಲೆ ಕೂಗುವ ಅದೇ ದನಿಯಲ್ಲಿ ಇಡೀ ಓಣಿಗೆ ಕೇಳುವಂತೆ ಹೇಳಿದಳು: "ಶನಿವಾರ ಎಲ್ರೂ ಹಸ್ಕೊಂಡು ಬನ್ನಿ! ಖೈಮಾ ಉಂಡೆ ಇನ್ನೂರು ಮಾಡ್ತೀನಿ!"

ಓಣಿಯಲ್ಲಿ ಹತ್ತು ಹನ್ನೆರಡು ಬಿಳಿ ಟೋಪಿಗಳಿದ್ದವು. ಪಟ್ಟಿ ನೋಡದವರು ಒಬ್ಬರೂ ಇರಲಿಲ್ಲ. ಮಲ್ತೆ ಮೇಲೆ ಚಾವಣಿ ನೋಡಿದ. ಯಾರೋ ಕೆಮ್ಮಿದರು. ಆಸ್ಗರ್ ಬಗ್ಗಿ ಸರಿಯಾಗಿಯೇ ಇದ್ದ ಬೂಟಿನ ದಾರ ಕಟ್ಟಿಕೊಂಡ.

ಸೈಕಲ್ ನಿಲ್ಲಿಸುವ ಜಾಗದಲ್ಲಿ ತೋರಾ ಅವನನ್ನು ಹಿಡಿದಳು.

"ಏಯ್, ಹಲ್ಲು ಡಾಕ್ಟ್ರ ಮಗನೇ."

"ಓ, ರಾಣಿಯವರು. ಹನ್ನೆರಡಂತೆ. ಅಭಿನಂದನೆ."

"ನಿಂಗೂ ಹನ್ನೆರಡಂತೆ. ಇಪ್ಪತ್ತೆರಡರ ತನಕ ಎಣಿಸೋಕೆ ಮಾತ್ರ ಬರಲ್ಲ ಅಂತ ಕಾಣತ್ತೆ."

ಅವನ ಮುಖದ ನಗು ಇಳಿಯಿತು. "ಬರತ್ತೆ."

"ಲಾಂಚಿಗೆ ಲಾರಿ ಹಿಡಿಸಲ್ಲ, ಹೊತ್ತಾಗತ್ತೆ, ಡ್ರೈವರ್ ಒಪ್ಪಲ್ಲ, ಅದ್ಯಾವ್ದೂ ಬೇಡ. ನಿಜ ಹೇಳು."

"ನೀನೇ ಬರ್ಬೇಡಿ ಅಂದಿದ್ದೆ."

"ನಾನಾ? ಯಾವಾಗ?"

"ಮೊದಲನೇ ವರ್ಷ, ಸೆಪ್ಟೆಂಬರ್. ಚಿಪ್ಪು ಆರಿಸೋಕೆ ಅಂತ ದ್ವೀಪಕ್ಕೆ ಕರ್ಕೊಂಡು ಹೋಗಿದ್ರಲ್ಲ. ದಡದಲ್ಲಿ ನಿಂತು ಹೇಳಿದೆ. ನಿಮ್ಮಲ್ಲಿ ಒಬ್ಬನೂ ನಮ್ಮನೆ ಹೊಸಿಲು ತುಳೀಬಾರ್ದು, ಯಾವತ್ತೂ, ಅಂತ." ಅವನು ಸೈಕಲ್ಲಿನ ಗಂಟೆಯನ್ನು ಹೆಬ್ಬೆರಳಿನಿಂದ ಉಜ್ಜಿದ. "ನಾನು ಮರೆತಿಲ್ಲ."

ತೋರಾಳೂ ಮರೆತಿರಲಿಲ್ಲ. ಅಂದು ಲಾಂಚಿನ ಮೇಲೆ ಬೋಡಿಲ್, "ಇಂಜಿನ್ ಆಫ್! ಬ್ರೇಕ್ ಹಾಕಿ! ಟಿಕೆಟ್ ತೆಗೀರಿ!" ಎಂದು ಕೂಗುತ್ತ ಕಾರುಗಳ ನಡುವೆ ನಡೆದಿದ್ದಳು. ಅವಳ ಬೆನ್ನ ಹಿಂದೆ ಒಬ್ಬ ಹುಡುಗ ಎಡಗಾಲು ಎಳೆಯುತ್ತ, ಅದೇ ದನಿಯಲ್ಲಿ, "ಇಂಜಿನ್ ಆಫ್" ಎನ್ನುತ್ತ ನಡೆದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಆ ಹುಡುಗ ಆಸ್ಗರ್. ಟಿಕೆಟ್ ಕೊಡುವವಳು ಯಾರ ಅಮ್ಮನೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ತೋರಾ. ಕಟಕಟೆ ಹಿಡಿದು ನೀರು ನೋಡುತ್ತ ನಿಂತುಬಿಟ್ಟಿದ್ದಳು. ದಡಕ್ಕೆ ಬಂದ ಮೇಲೆ ಯಾರೋ, ನಿನ್ನ ಮನೆ ಇಲ್ಲೇ ಅಲ್ವಾ, ತೋರಿಸು ಎಂದಾಗ ಆ ಮಾತು ಹೊರಬಿದ್ದಿತ್ತು.

"ಹದಿನಾರರ ಹುಡುಗಿ ಆಡಿದ ಮಾತು ಅದು!" ಎಂದಳು ಈಗ. "ಮೂರು ವರ್ಷ ಆಯ್ತು!"

"ವಾಪಸ್ ತಗೊಂಡಿದ್ದು ನಾನು ಕೇಳಿಲ್ಲ."

"ಕೇಳ್ಬೇಕಿತ್ತು! ಬಾಯಿಗೇನಾಗಿತ್ತು ಧಾಡಿ? ಸಮೀಕರಣದಲ್ಲಿ ನಂದೊಂದು ದಶಮಾಂಶದ ಚುಕ್ಕೆ ತಪ್ಪಿದ್ರೆ ಇಡೀ ಕ್ಲಾಸಿಗೆ ಕೂಗಿ ಹೇಳ್ತೀಯ. ಇದನ್ನ ಕೇಳೋಕೆ ಆಗ್ಲಿಲ್ವಾ?"

"ಹೆದರಿಕೆ ಆಯ್ತು."

"ಯಾರನ್ನ ಕಂಡು? ನನ್ನಾ?"

"ನಿನ್ನೂ. ನಿಮ್ಮಮ್ಮನ್ನೂ."

ಅದನ್ನು ಅವನು ಎಷ್ಟು ಸಣ್ಣ ದನಿಯಲ್ಲಿ ಹೇಳಿದನೆಂದರೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಬೈಸಿಕೊಳ್ಳಬೇಕಾದವನು ಕುಗ್ಗಿ ನಿಂತರೆ ಬಯ್ಗುಳ ಎಲ್ಲಿಗೆ ಹೋಗಬೇಕು? "ಮಾಡೋದೆಲ್ಲ ಮಾಡಿ ಈಗ ಪಾಪದವನ ಹಾಗೆ ನಿಲ್ಬೇಡ" ಎಂದು ಸೈಕಲ್ ಏರಿದಳು. ಇಳಿಜಾರಿನಲ್ಲಿ ಗಾಳಿಗೆ ಟೋಪಿ ಹಾರಿಹೋಗದಂತೆ ಒಂದು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಸಂಜೆ ಬೋಡಿಲ್ ಅಡಿಗೆಮನೆಯ ಮೇಜಿನ ಮುಂದೆ ಕೂತು ಹಂದಿ ಖೈಮಾಕ್ಕೆ ಮೊಟ್ಟೆ, ಹಿಟ್ಟು, ಈರುಳ್ಳಿ ಹಾಕಿ ಕಲಸುತ್ತಿದ್ದಳು. ಅಳತೆ ಸರಿಯಿದೆಯೇ ನೋಡಲು ಮೊದಲು ಒಂದು ಇಪ್ಪತ್ತು ಮಾಡುತ್ತಾಳಂತೆ. ತೋರಾ ಹೇಳಿಬಿಡಬೇಕೆಂದು ಎದುರಿಗೆ ಕೂತಳು. ಅಮ್ಮಾ, ಶನಿವಾರ ಯಾರೂ ಬರುವುದಿಲ್ಲ. ನಾಲ್ಕು ಶಬ್ದ. ಹೇಳುವ ಬದಲು ಇನ್ನೊಂದು ಈರುಳ್ಳಿ ಎತ್ತಿಕೊಂಡು ಹೆಚ್ಚತೊಡಗಿದಳು.

"ಇವತ್ತು ನಾಲ್ಕೂವರೆ ಲಾಂಚಲ್ಲಿ ನಮ್ಮ ಗಾಳಿ ಕುಡಿಯೋ ಹುಡುಗ ಬಾಯಿ ಬಿಟ್ಟ" ಎಂದಳು ಬೋಡಿಲ್.

"ಯಾವನು?"

"ಅದೇ, ಇಳೀದೇ ಹೋಗೋನು. ನೀನು ಬೇಕರೀಲಿರೋ ಹೊತ್ತು ನೋಡ್ಕೊಂಡೇ ಬರ್ತಿದ್ದ ಅಂತ ಕಾಣತ್ತೆ. ಇವತ್ತು ತಲೆ ಮೇಲೆ ಬಿಳಿ ಟೋಪಿ ಇತ್ತು. ನೋಡಿದ್ರೆ ಮಧ್ಯಾಹ್ನ ಓಣೀಲಿ ಬೂಟಿನ ದಾರ ಕಟ್ಕೋತಿದ್ದೋನು."

ತೋರಾಳ ಕೈ ಈರುಳ್ಳಿಯ ಮೇಲೆ ನಿಂತಿತು.

"ಹತ್ರ ಬಂದು ನಿಂತ. ಟಿಕೆಟ್ ತೋರ್ಸಪ್ಪ ಅಂದೆ. ತೋರ್ಸಿಲ್ಲ. ಮೂರು ವರ್ಷದ ಹಿಂದೆ ನಿಮ್ಮ ಥರ ನಡೆದು ಆಡ್ಕೊಂಡಿದ್ದು ನಾನು, ತಪ್ಪಾಯ್ತು ಅಂದ. ಒಂದೇ ಉಸಿರಲ್ಲಿ. ಹಿಂದೆಲ್ಲ ಬಂದಿದ್ದೂ ಅದನ್ನ ಹೇಳೋಕೇನಂತೆ. ದ್ವೀಪ ಬರೋ ಹೊತ್ತಿಗೆ ಧೈರ್ಯ ಹೋಗ್ಬಿಡ್ತಿತ್ತಂತೆ. ನಾಲ್ಕೇ ನಿಮಿಷ ಅಲ್ವಾ, ಸಾಲಲ್ಲ ಪಾಪ." ಬೋಡಿಲ್ ನಕ್ಕಳು. "ನಂಗೆ ನೆನಪೇ ಇಲ್ಲಪ್ಪ ಅಂದೆ."

"ಸುಳ್ಳು ಹೇಳ್ಬೇಡಮ್ಮ. ನೀನು ತಿರುಗಿ ನೋಡಿದ್ದೆ. ನೋಡಿ ನಕ್ಕಿದ್ದೆ. ನಾನು ಅಲ್ಲೇ ಇದ್ದೆ."

"ಹೌದು" ಎಂದಳು ಬೋಡಿಲ್. ಕೈ ಕಲಸುತ್ತಲೇ ಇತ್ತು. "ಕಟಕಟೆ ಹತ್ರ ಇದ್ದೆ. ನೀಲಿ ಜಾಕೀಟು. ನಾನೂ ನಿನ್ನ ನೋಡಿದ್ದೆ."

ಒಲೆಯ ಮೇಲೆ ಬಾಣಲೆ ಚುರುಗುಟ್ಟುತ್ತಿತ್ತು. ಮೂರು ವರ್ಷ ತೋರಾ ಯಾವುದನ್ನು ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದಳೋ ಅದು ದಿನವೂ ಈ ಮೇಜಿನ ಎದುರಿಗೇ ಕೂತು ಉಂಡಿತ್ತು. ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

"ಅಮ್ಮಾ, ನಾನು..."

"ಬಿಡು. ಈರುಳ್ಳಿ ಕೊಡು." ಕೊಟ್ಟಳು. "ಪಟ್ಟಿ ವಿಷಯಾನೂ ಹೇಳಿದ. ನಿಮ್ಮನೆಗೆ ಬರ್ಬೋದಾ ಅಂತ ನನ್ನ ಕೇಳಿದ."

"ನಿನ್ನನ್ನ?" ತೋರಾ ಎದ್ದೇ ನಿಂತಳು. "ನನ್ನ ಟೋಪಿ, ನನ್ನ ಲಾರಿ, ನಾನಾಡಿದ ಮಾತು! ನನ್ನೊಬ್ಬಳನ್ನ ಬಿಟ್ಟು ಊರಿಗೆಲ್ಲ ಕೇಳ್ಕೊಂಡು ಬರ್ತಾನಾ? ಬಿಡೋವಾಗ್ಲೂ ಕೇಳಲ್ಲ, ಸೇರ್ಸೋವಾಗ್ಲೂ ಕೇಳಲ್ಲ! ನಾನೇನು ದಾರಿ ಬದಿ ಮೈಲಿಗಲ್ಲಾ?"

"ನಾನೂ ಅದನ್ನೇ ಹೇಳಿದೆ. ಅವಳನ್ನ ಕೇಳು ಅಂದೆ. ಅವಳು ನನ್ನ ಕೊಂದುಬಿಡ್ತಾಳೆ ಅಂದ. ಅದಕ್ಕೆ ನನ್ನ ಅಭ್ಯಂತರ ಇಲ್ಲ ಅಂದೆ." ಬೋಡಿಲ್ ಮೊದಲ ಉಂಡೆಯನ್ನು ಬಾಣಲೆಗೆ ಬಿಟ್ಟಳು. "ಇಳೀದೇ ವಾಪಸ್ ಹೋದ, ಯಥಾಪ್ರಕಾರ."

ಮರುದಿನ ಬೆಳಗ್ಗೆ ಬೇಕರಿ ತೆರೆದಾಗ ಆಸ್ಗರ್ ಮುದುಕರ ಸಾಲಿನಲ್ಲಿ ಐದನೆಯವನಾಗಿ ನಿಂತಿದ್ದ. ಅವಳು ಮೊದಲ ನಾಲ್ವರಿಗೆ ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ ಬ್ರೆಡ್ಡು ಕಟ್ಟಿಕೊಟ್ಟಳು.

"ಏನು ಬೇಕಾಗಿತ್ತು?"

"ಒಂದು ರೈ ಬ್ರೆಡ್ಡು. ಆಮೇಲೆ, ತೋರಾ, ಶನಿವಾರ ನಿಮ್ಮನೆಗೆ ನಾವು ಬರ್ಬೋದಾ?" ಅವನು ಮಡಚಿದ ಹಾಳೆಯೊಂದನ್ನು ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟ. "ಜಾಗ ಮಾಡಿದೀನಿ."

ಹೊಸ ಪಟ್ಟಿ. ಐದು ಗಂಟೆಗೆ ಅವಳ ಮನೆ. ಹದಿನಾಲ್ಕನೆಯ ಸಾಲಿನಲ್ಲಿದ್ದ ಅವನ ಮನೆಯ ಮೇಲೆ ಉದ್ದಕ್ಕೆ ಗೀಟು.

"ಇದೇನಿದು?"

"ನಮ್ಮನೆಗೆ ಬೇಡ. ಅಮ್ಮಂಗೆ ಹೇಳಿದೀನಿ. ಸ್ವಲ್ಪ ಅತ್ಲು. ಅಡಿಗೆಯವರಿಗೆ ಹೇಳಾಗಿತ್ತಂತೆ."

ತೋರಾಳ ಕಿವಿ ಬಿಸಿಯಾಯಿತು. "ಅಂದ್ರೆ ನೀನು ತ್ಯಾಗರಾಜ. ನಾನು ನಿನ್ನ ಮನೆಯವರ ಕಣ್ಣೀರಿನ ಮೇಲೆ ಐದು ಗಂಟೆ ಬಿಸಿಲು ಕಾಯಿಸ್ಕೋಬೇಕು. ನಾಳೆ ಇಡೀ ಊರು, ಅಬ್ಬಾ ಆಸ್ಗರ್ ಎಂಥಾ ಹುಡುಗ, ಪಾಪ ಆ ದ್ವೀಪದ ಹುಡುಗಿಗೋಸ್ಕರ ಅನ್ನತ್ತೆ. ಬೇಡ ನಂಗೆ."

"ಮತ್ತೇನು ಮಾಡ್ಲಿ? ಹೊತ್ತಿಲ್ಲ! ಒಂದೊಂದು ಮನೆಗೆ ಇಪ್ಪತ್ತೈದು ನಿಮಿಷ, ಡ್ರೈವರ್ ಹತ್ತಕ್ಕೆ ನಿಲ್ಲಿಸ್ಬೇಕು. ನೀನೇ ಲೆಕ್ಕ ಹಾಕು!"

"ಹಾಕ್ತೀನಿ." ಅವಳು ಬ್ರೆಡ್ಡಿನ ಕಾಗದದ ಚೀಲವೊಂದನ್ನು ಎಳೆದು ಪೆನ್ನು ತೆಗೆದಳು. "ಲಾರಿ ಈ ದಡದಲ್ಲೇ ಇರತ್ತೆ. ಲಾಂಚು ಹೋಗೋಕೆ ನಾಲ್ಕು, ಬರೋಕೆ ನಾಲ್ಕು."

"ಹತ್ತಿ ಇಳಿಯೋಕೆ?" ಅವನು ಬಗ್ಗಿದ. "ಮಲ್ತೆ ಇದಾನೆ, ನೆನಪಿಟ್ಕೋ. ಹನ್ನೊಂದಾದ್ರೂ ಬೇಕು."

"ಹನ್ನೊಂದು. ಹತ್ತೊಂಬತ್ತಾಯ್ತು. ಈಗ ಇಪ್ಪತ್ತೊಂದು ಮನೆಯಿಂದ್ಲೂ ಎರಡೆರಡು ನಿಮಿಷ ತೆಗಿ."

"ನಲವತ್ತೆರಡು." ಅವನು ಚೀಲವನ್ನು ತನ್ನ ಕಡೆಗೆ ತಿರುಗಿಸಿಕೊಂಡ. "ಹತ್ತೊಂಬತ್ತು ಕಳೆದ್ರೆ ಇಪ್ಪತ್ತಮೂರು. ಎಲ್ಲರ ಮನೆಗೂ ಇಪ್ಪತ್ತಮೂರೇ ಆಗತ್ತೆ. ನಿಮ್ಮನೆಗೂ."

"ಆಗತ್ತೆ. ಒಬ್ಬರ ಮನೆ ಹೊಡೆದು ಇನ್ನೊಬ್ಬರಿಗೆ ದಾನ ಮಾಡೋದಲ್ಲ ಇದು. ಎಲ್ರೂ ಸ್ವಲ್ಪ ಸರಿದು ಕೂರೋದು. ಅಷ್ಟು ಹೊಳೀಲಿಲ್ವಾ ಹುಟ್ಟು ಬುದ್ಧಿಗೆ?"

ಅವನು ಚೀಲದ ಮೇಲಿನ ಲೆಕ್ಕವನ್ನು ನೋಡುತ್ತಲೇ ಇದ್ದ. "ಇಲ್ಲ" ಎಂದ. ಅದರಲ್ಲಿ ಕುಚೋದ್ಯ ಇರಲಿಲ್ಲ. "ಹೊಳೀಲಿಲ್ಲ."

"ಏ ಮಕ್ಳೇ," ಸಾಲಿನ ಹಿಂದಿನಿಂದ ಸಮುದ್ರಕ್ಕೆ ಬೈಯುವ ಮುದುಕ ಕೂಗಿದ, "ಜಗಳ ಆಡ್ತಿದೀರೋ ಮದುವೆ ಆಗ್ತಿದೀರೋ? ನನ್ನ ಬ್ರೆಡ್ಡು ಕೊಡ್ರೋ!"

"ಬರಲಿ ಅಂತ ಹೇಳೇ" ಎಂದಳು ಒಳಗಿಂದ ಇಂಗರ್ಲೀಸ. "ಸಾಲು ಬೀದಿಗೆ ಹೋಯ್ತು."

"ಬನ್ನಿ" ಎಂದಳು ತೋರಾ, ಆ ಮಾತನ್ನು ಹಲ್ಲಿನ ನಡುವಿನಿಂದ ಕಿತ್ತುಕೊಡುವಂತೆ. "ನಿನ್ನ ಗೀಟು ಅಳಿಸಿ ಬನ್ನಿ." ಚೀಲಕ್ಕೆ ಬ್ರೆಡ್ಡು ತುಂಬಿ ಕೊಟ್ಟಳು. ಲೆಕ್ಕ ಬರೆದ ಚೀಲವೇ ಅದು. ಅವನು ಅದನ್ನು ಎದೆಗೆ ಅವಚಿಕೊಂಡು ಹೋದ.

ಗುಂಪಿನಲ್ಲಿ ಗೊಣಗಾಟ ಆಗದೆ ಇರಲಿಲ್ಲ. ಎರಡು ನಿಮಿಷಕ್ಕೆ ಮುಖ ಊದಿಸಿದವರೂ ಇದ್ದರು. "ಎರಡು ನಿಮಿಷ ಕೊಡೋಕಾಗದೋರು ಲಾರಿಯಿಂದ ಇಳಿದು ನಡ್ಕೊಂಡು ಬನ್ನಿ" ಎಂದು ಬರೆದವನು ಮಲ್ತೆ. ಚಾವಣಿ ನೋಡಿದ್ದಕ್ಕೆ ಅವನು ಕೊಟ್ಟ ಬೆಲೆ ಅದು ಇರಬೇಕು. ಆದರೂ ತೋರಾಳ ಸಿಟ್ಟು ಇಳಿಯಲಿಲ್ಲ. ನ್ಯಾಯವಾಗಿ ಬರಬೇಕಾದದ್ದು ಬಂದಾಗ ಜನ ಕೃತಜ್ಞತೆ ನಿರೀಕ್ಷಿಸುತ್ತಾರೆ. ಆಕೆಯ ಬಳಿ ಅದು ಇರಲಿಲ್ಲ.

ಶನಿವಾರ ಐದಕ್ಕೆ ಹತ್ತು ನಿಮಿಷ ಇರುವಾಗ ಲಾರಿ ದಡದಲ್ಲಿ ನಿಂತಿತು. ಇಪ್ಪತ್ತೆರಡು ಬಿಳಿ ಟೋಪಿಗಳು ಲಾಂಚಿನ ಮೇಲೆ ನುಗ್ಗಿದವು. ಬೋಡಿಲಳ ಜೊತೆ ಕೆಲಸ ಮಾಡುವವನು ಯಾರಿಗೂ ಟಿಕೆಟ್ ಹರಿಯಲಿಲ್ಲ. ನಾಲ್ಕು ನಿಮಿಷ ಕಳೆದು ಇಳಿಹಲಗೆ ದ್ವೀಪದ ಕಲ್ಲಿಗೆ ತಾಗಿತು. ಎಲ್ಲರೂ ಓಡಿದರು. ಒಬ್ಬ ಓಡಲಿಲ್ಲ. ಕಬ್ಬಿಣ ಮುಗಿದು ನೆಲ ಶುರುವಾಗುವ ಗೆರೆಯ ಮೇಲೆ ಆಸ್ಗರ್ ನಿಂತುಬಿಟ್ಟಿದ್ದ.

ದಡದಲ್ಲಿ ಬೋಡಿಲ್ ನಿಂತಿದ್ದಳು. ಕಿತ್ತಳೆ ಅಂಗಿ ಇಲ್ಲ, ಹೂವಿನ ನಿಲುವಂಗಿ. ಸೊಂಟದ ಮೇಲೆ ಕೈಯಿಟ್ಟು ಲಾಂಚಿನ ದನಿಯಲ್ಲಿ ಕೂಗಿದಳು: "ಇಂಜಿನ್ ಆಫ್! ಬ್ರೇಕ್ ತೆಗಿ! ಇಳಿಯಪ್ಪಾ!"

ಇಡೀ ದಡ ನಕ್ಕಿತು. ಅವನು ಇಳಿದ. ಮುಖ ಕೆಂಪು ಹಂಚಿನ ಹಾಗಾಗಿತ್ತು. ತೋರಾ ನಗಬಾರದೆಂದು ತುಟಿ ಕಚ್ಚಿಕೊಂಡಳು.

ಅಂಗಳದಲ್ಲಿ ಬಿಸಿಲಿತ್ತು. ಇನ್ನೂರು ಉಂಡೆಗಳಲ್ಲಿ ಹದಿನೆಂಟು ನಿಮಿಷಕ್ಕೆ ಒಂದೂ ಉಳಿಯಲಿಲ್ಲ. ಕಂಬಕ್ಕೆ ಹೊಸ ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ. ಒರಗಿದವರ ಬೆನ್ನಿಗೆಲ್ಲ ಬಿಳಿ ಪಟ್ಟೆ ಬಿತ್ತು. ಮೇಕೆ ಹೆಂಗಸು ಮೇಕೆಯ ಸಮೇತ ನೋಡಲು ಬಂದಿದ್ದಳು. ಎಲ್ಲರೂ ಒಬ್ಬರ ಟೋಪಿಯ ಒಳಗೆ ಇನ್ನೊಬ್ಬರು ಬರೆಯುತ್ತಿದ್ದರು. ತೋರಾಳ ಟೋಪಿಯೊಳಗೆ ಇಪ್ಪತ್ತು ಜನರ ಕೈಬರಹವಿತ್ತು. ಹಣೆಯ ಮೇಲೆ ಬರುವ ಜಾಗ ಖಾಲಿಯಿತ್ತು.

"ಕೊಡ್ತೀಯಾ?" ಆಸ್ಗರ್ ಪೆನ್ನು ಹಿಡಿದು ಕೇಳಿದ. ಈ ಸಲ ಕೇಳಿದ.

ಅವಳು ಟೋಪಿ ಕೊಟ್ಟು ಅವನದನ್ನು ಕಿತ್ತುಕೊಂಡಳು. "ಇಪ್ಪತ್ತೆರಡು. ಮರೆಯಬೇಡ" ಎಂದು ಬರೆದಳು. ಅವನು ಬೆನ್ನು ತಿರುಗಿಸಿ ಬಹಳ ಹೊತ್ತು ಬರೆದ. ಹಿಂದಕ್ಕೆ ಕೊಟ್ಟಾಗ ನೋಡಿದರೆ ಒಂದೇ ಸಾಲು: "ಮೂವತ್ತೊಂದು ಸಲ ಬಂದೆ. ಇವತ್ತು ಇಳಿದೆ."

ಮೂವತ್ತೊಂದು. ಅವನು ಲೆಕ್ಕ ಇಟ್ಟಿದ್ದ. ಅವಳು ಬ್ರೆಡ್ಡು ಕೊಯ್ಯುತ್ತ ಅವನನ್ನು ಮನಸ್ಸಿನಲ್ಲಿ ಬಯ್ಯುತ್ತಿದ್ದ ಬೆಳಗುಗಳಲ್ಲೇ ಅವನು ಅವಳ ಮನೆಯಿಂದ ನೂರು ಹೆಜ್ಜೆ ದೂರದಲ್ಲಿ ಕಟಕಟೆ ಹಿಡಿದು ನಿಂತಿದ್ದ. ಅದೇ ಕಟಕಟೆ. ಬಾಯಿ ತೆರೆಯಲಾರದೆ ಅಲ್ಲಿ ನಿಂತವರು ಇಬ್ಬರು. ಅದು ಹೊಳೆದಾಗ ಅವಳಿಗೆ ಅವನ ಮೇಲೆ ಇನ್ನೊಂದು ಥರದ ಸಿಟ್ಟು ಬಂತು. ಇಷ್ಟು ದಿನ ಸುಮ್ಮನೆ ಕಳೆದುಬಿಟ್ಟನಲ್ಲ ಎಂಬ ಸಿಟ್ಟು.

ಹಿಂದಿರುಗುವ ಲಾಂಚಿನಲ್ಲಿ ಉಳಿದವರು ಹಾಡುತ್ತಿದ್ದರು. ದ್ವೀಪದ ದಡದಲ್ಲಿ ಬೋಡಿಲ್ ಖಾಲಿ ತಟ್ಟೆ ಎತ್ತಿ ಬೀಸುತ್ತಿದ್ದಳು. ಆಸ್ಗರ್ ಬಂದು ತೋರಾಳ ಪಕ್ಕದಲ್ಲಿ ನಿಂತ. ಅವನ ಅಂಗೈಗೆ ಕಂಬದ ಬಣ್ಣ ಮೆತ್ತಿತ್ತು. ಕಟಕಟೆಯ ಮೇಲೆ ಆ ಕೈ ಅವಳ ಕೈಯ ಹತ್ತಿರ ಬಂತು, ನಿಂತಿತು, ಕಿರುಬೆರಳಿಗೆ ಕಿರುಬೆರಳು ತಾಗಿತು. ಬಣ್ಣ ಅಂಟುತ್ತಿತ್ತು. ಅವಳು ಸರಿಸಲಿಲ್ಲ.

"ಸಿಟ್ಟು ಹೋಯ್ತಾ?" ಎಂದ.

"ಇಲ್ಲ."

"ಯಾವಾಗ ಹೋಗತ್ತೆ?"

"ಅದಕ್ಕೂ ಪಟ್ಟಿ ಮಾಡ್ತೀಯಾ?"

ಅವನು ನಕ್ಕ. "ಸೋಮವಾರದಿಂದ ಟಿಕೆಟ್ಟಿಗೆ ನೀನೇ ಇರ್ತೀಯಂತೆ. ಬೆಳಗಿನ ಲಾಂಚಿಗೆ ಬರ್ತೀನಿ" ಎಂದ.

"ಲಾಂಚು ಯಾರಪ್ಪನದೂ ಅಲ್ಲ. ಯಾರ್ ಬೇಕಾದ್ರೂ ಬರ್ಬೋದು" ಎಂದಳು ತೋರಾ.

ಎದುರಿನ ದಡದಲ್ಲಿ ಲಾರಿಯ ಡ್ರೈವರ್ ಹಾರ್ನ್ ಒತ್ತುತ್ತಿದ್ದ. ಮುಂದಿನ ಮನೆ ಕಾಯುತ್ತಿತ್ತು. ಇಪ್ಪತ್ತಮೂರು ನಿಮಿಷ, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳು ಟೋಪಿ ಸರಿಮಾಡಿಕೊಂಡಳು. ಸೋಮವಾರ ಬೆಳಗ್ಗೆ ಅವನು ಬಂದು ಎಂದಿನಂತೆ ಹೋಗಿಬರುವ ಟಿಕೆಟ್ ಕೇಳುತ್ತಾನೆ. ತಾನು ಅದನ್ನು ಕೊಡುವುದಿಲ್ಲ, ಹೋಗುವ ಟಿಕೆಟ್ ಮಾತ್ರ ಹರಿದು ಕೊಡುತ್ತೇನೆ ಎಂದು ತೋರಾ ತೀರ್ಮಾನಿಸಿದಳು. ಯಾರಿಗೂ ಹೇಳಲಿಲ್ಲ.